ರೊಸೆಂಡಾಳ ನಾಯಿ ಮತ್ತು ಶೇಕಡಾ ಮುನ್ನೂರು

ಗಂಡ ತೀರಿಹೋದ ಮೇಲೆ ರೊಸೆಂಡಾಳ ಜೊತೆ ನಸುಕಿನಲ್ಲಿ ದೋಣಿಕಟ್ಟೆಯವರೆಗೆ ನಡೆದು ಬರುತ್ತಿದ್ದದ್ದು ಪುತಿ ಎಂಬ ಬಿಳಿ ನಾಯಿ ಮಾತ್ರ. ಅವಳು ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿ ಕಡುಬು ಮಾರುವಾಗ ಅದು ಬುಟ್ಟಿಯ ಪಕ್ಕ ಬಿದ್ದುಕೊಂಡಿರುತ್ತಿತ್ತು. ಬೊಗಳುವುದಕ್ಕೂ ಸೋಮಾರಿತನ ಅದಕ್ಕೆ. ಊರಿಗೆಲ್ಲ ಮನಾಂಗ್, ಅಂದರೆ ಅಕ್ಕ, ಆಗಿದ್ದ ಈ ಹೆಂಗಸಿಗೆ ಮನೆಯಲ್ಲಿ ಮಾತಾಡಿಸಲು ಇದ್ದ ಜೀವ ಅದೊಂದೇ.

ಅಂಥ ನಾಯಿಗೆ ರೇಡಿಯೋದ ಬೊಯೆಟ್ ಗಂಡಾಂತರ ತಂದಿಟ್ಟ. ಬೆಳಗಿನ ಸುದ್ದಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದ: "ಕೇಳ್ರಪ್ಪೋ ಕೇಳಿ! ನಮ್ಮೂರಲ್ಲಿ ನಾಯಿ ಕಡಿತ ಶೇಕಡಾ ಮುನ್ನೂರು ಜಾಸ್ತಿ!" ಹೋದ ತಿಂಗಳು ಒಬ್ಬರಿಗೆ, ಈ ತಿಂಗಳು ನಾಲ್ವರಿಗೆ ಎಂಬುದನ್ನು ಮಾತ್ರ ಬಾಯಿಬಿಡಲಿಲ್ಲ. ಮುನ್ನೂರು ಎಂದರೆ ಯಾರ ಎದೆ ಧಸಕ್ಕೆನ್ನುವುದಿಲ್ಲ? ತಾಯಂದಿರು ಮಕ್ಕಳನ್ನು ಒಳಗೆ ಕೂಡಿಹಾಕಿದರು. ಊರಿನ ಮುಖ್ಯಸ್ಥ, ಕಪಿತಾನ್, ಬಲೆ ಹಿಡಿದವರನ್ನು ಬೀದಿಗಿಳಿಸಿದ. ಮೊದಲು ಸಿಕ್ಕಿದ್ದು ಓಡಲೂ ಬಾರದ ಪುತಿ. ಹಿಡಿದ ನಾಯಿಗಳನ್ನು ಮಾರನೆಯ ದಿನ ಲಾರಿಯಲ್ಲಿ ಪಟ್ಟಣಕ್ಕೆ ಸಾಗಿಸಿ ಕೊಲ್ಲುತ್ತಾರೆಂದು ಸುದ್ದಿ ಹಬ್ಬಿತು.

ರೊಸೆಂಡಾ ಅಕ್ಕಿ ನೆನೆಹಾಕಲಿಲ್ಲ. ಬೆಳಗಾಗುತ್ತಲೇ ಪಂಚಾಯಿತಿ ಕಟ್ಟಡಕ್ಕೆ ಹೋಗಿ ಪುತಿಯನ್ನು ಕೂಡಿಹಾಕಿದ್ದ ಪಂಜರಕ್ಕೆ ಒರಗಿ ಕೂತಳು. ನೋಡಲು ಜನ ಜಮಾಯಿಸಿತು.

"ಕಪಿತಾನ್, ಇದು ಯಾರನ್ನ ಕಚ್ಚಿದೆ ತೋರಿಸಿ. ನಾನೇ ಲಾರಿ ಹತ್ತಿಸ್ತೀನಿ."

"ನಾನೇನ್ ಮಾಡ್ಲಿ ಮನಾಂಗ್? ಜನ ಹೆದರಿದಾರೆ. ಮುನ್ನೂರು ಅಂದ್ರೆ ಸುಮ್ನೇನಾ?"

"ಹಾಗಾದ್ರೆ ಕಚ್ಚಿಸ್ಕೊಂಡೋರನ್ನ ಕರೀರಿ. ಅವ್ರೇ ಹೇಳ್ಲಿ."

ಕಪಿತಾನ್ ಆರೋಗ್ಯ ಕೇಂದ್ರದಿಂದ ಹೆಸರು ತರಿಸಿ ಕೂಗಿದ.

"ಎಸ್ತೆಬಾನ್ ಗಲ್ಬೋ!"

ದೋಣಿಕಟ್ಟೆಯ ಹಮಾಲಿ ಗುಂಪಿನಿಂದ ಮುಂದೆ ಬಂದ.

"ದೋಣಿಕಟ್ಟೆ ತೆಬಾನ್!"

"ಬಂದು ನಿಂತಿದೀನಲ್ಲ."

"ಜೂನಿಯರ್ ಗಲ್ಬೋ!"

"ಅದೂ ನಾನೇ. ಅಪ್ಪನ ಹೆಸರೇ ನನಗೂ ಇಟ್ಟಿದಾರೆ."

"ಮತ್ತೆ ಈ ಟೋಟೋ ಯಾರೋ?"

"ನಮ್ಮಮ್ಮ ಹಾಗೇ ಕರೆಯೋದು. ಆವತ್ತು ಅವಳೇ ಬಂದು ಬರೆಸಿದ್ಲು."

ನಾಯಿ ಕಚ್ಚಿದರೆ ಸೂಜಿಗೆ ಮತ್ತೆ ಮತ್ತೆ ಹೋಗಬೇಕು. ಹೋದಾಗಲೆಲ್ಲ ಬೇರೆ ನರ್ಸ್, ಬಾಯಿಗೆ ಬಂದ ಹೆಸರು. ನಮ್ಮಲ್ಲಿ ಒಂದೇ ಹೆಸರಿನಲ್ಲಿ ಬದುಕುವವರು ಯಾರಿದ್ದಾರೆ ಹೇಳಿ! ನಾಲ್ಕು ಸೂಜಿ ನಾಲ್ಕು ಜನರಾಗಿತ್ತು. ಬೊಯೆಟ್ ಮಹಾಶಯ ಒಬ್ಬರನ್ನೂ ಹೋಗಿ ಕಂಡಿರಲಿಲ್ಲ.

"ಕಚ್ಚಿದ್ದು ಯಾವ ನಾಯಿನೋ ಮಾರಾಯ?" ಕಪಿತಾನ್ ಹಣೆ ಹಿಡಿದುಕೊಂಡ.

ತೆಬಾನ್ ತಲೆ ಕೆರೆದುಕೊಂಡ. "ನಮ್ಮನೇದೇ. ಅದರ ಬಾಯಿಂದ ಮೀನಿನ ತಲೆ ಕಿತ್ಕೊಳಕ್ಕೆ ಹೋದೆ."

"ನಾಯಿ ಹತ್ರ ಕಿತ್ಕೊಂಡು ತಿನ್ನೋ ಗತಿ ಬಂತೇನೋ ನಿಂಗೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

ನಗೆಯ ನಡುವೆ ಕಪಿತಾನ್ ತಾನೇ ಪಂಜರ ತೆಗೆದ. ಪುತಿಯ ಕುತ್ತಿಗೆಗೆ ಮುಖ ಒತ್ತಿ ರೊಸೆಂಡಾ ನಕ್ಕಳು, ಅತ್ತಳು.

ಮರುದಿನ ಬೊಯೆಟ್ ತಪ್ಪಾಯಿತು ಎಂದನೇ? ಎಲ್ಲಿಯ ಮಾತು! "ಕಪಿತಾನರ ಕಠಿಣ ಕ್ರಮ! ಒಂದೇ ದಿನದಲ್ಲಿ ನಾಯಿ ಕಡಿತ ಶೇಕಡಾ ಎಪ್ಪತ್ತೈದು ಇಳಿಕೆ!" ಎಂದು ಅದೇ ಗಂಟಲಲ್ಲಿ ಕೂಗಿದ. ಕಡುಬು ಕೊಳ್ಳಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಕೂಗ್ಲಿ ಬಿಡಿ," ಎಂದಳು ರೊಸೆಂಡಾ. "ಅವನ ಲೆಕ್ಕ ಅವನಿಗಿರ್ಲಿ. ನನಗಿರೋದು ಒಂದು. ಅದು ಮನೆಗೆ ಬಂತು."