ಪಾಸಾಗಬಾರದಿದ್ದ ಪರೀಕ್ಷೆ

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ನೀವೂ ನಂಬಬೇಕಿಲ್ಲ. ಇವತ್ತು ಬೆಳಿಗ್ಗೆ ಅಣ್ಣನ ಮಗಳ ಶಾಲೆಯಿಂದ ಮೊಬೈಲಿಗೆ ಸಂದೇಶ ಬಂತು: ‘ನಾಳೆ ನೈದಾನಿಕ ಪರೀಕ್ಷೆ. ಮಗು ಎಲ್ಲಿ ಎಡವುತ್ತದೆಂದು ತಿಳಿಯಲಷ್ಟೇ. ದಯವಿಟ್ಟು ಏನೂ ಓದಿಸಬೇಡಿ.’ ನಗು ಬಂತು. ಆ ‘ದಯವಿಟ್ಟು’ ನಮ್ಮ ಅತ್ತೆಯಂಥವರಿಗಾಗಿಯೇ ಬರೆದದ್ದು.

ಹಡಗಲಿಯಲ್ಲಿ ನಾನು ಐದನೇ ತರಗತಿಯಲ್ಲಿದ್ದಾಗಲೂ ಇಂಥದೊಂದು ಪರೀಕ್ಷೆ ಇತ್ತು. ಭಾಗಾಕಾರ ಬಾರದವರನ್ನು ಟೀಚರ್ ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುವವರಿದ್ದರು. ನನಗದು ಬೇಕೇ ಬೇಕಿತ್ತು. ಬೋರ್ಡಿನ ಮುಂದೆ ನಿಂತರೆ ನನ್ನ ಜೊತೆ ಸೀಮೆಸುಣ್ಣವೂ ಬೆವರುತ್ತಿತ್ತು. ಆದರೆ ಪರೀಕ್ಷೆ ಎಂಬ ಮಾತು ಅತ್ತೆಯ ಕಿವಿಗೆ ಬಿತ್ತು. ಅತ್ತೆ ಅಪ್ಪನ ಅಕ್ಕ, ನಮ್ಮ ಮನೆಯಲ್ಲೇ ಇದ್ದು ಮಲ್ಲಿಗೆ ಕಟ್ಟುವವಳು. ಪಕ್ಕದ ಮನೆಯ ಹುಡುಗಿಯಿಂದ ಹಿಂದಿನ ವರ್ಷದ ಪ್ರಶ್ನೆಪತ್ರಿಕೆ ತರಿಸಿ, ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಸಿದಳು. ಶಾಲೆಯವರು ಅದೇ ಪತ್ರಿಕೆಯನ್ನು ಮತ್ತೆ ಕೊಟ್ಟರು. ಎಲ್ಲವೂ ಸರಿ! ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು, ಅಥವಾ ಮಂಡಕ್ಕಿ ಇರಬೇಕು. ನಾನು ಮಧ್ಯಾಹ್ನದ ಗುಂಪಿನಿಂದ ಹೊರಗೆ.

ಮರುವಾರ ಬೋರ್ಡಿನ ಮುಂದೆ ನಾನು ಕಂಬವಾದದ್ದನ್ನು ನೋಡಿ, ಬಾಯಿಪಾಠದ ಗುಟ್ಟು ಊಹಿಸಿದ ಟೀಚರ್ ಸಂಜೆ ಮನೆಗೇ ಬಂದರು.

“ಡಾಕ್ಟರ್ ಹತ್ರ ಹೋಗಿ ಹೊಟ್ಟಿನೋವಿಲ್ಲ ಅಂತೀರೇನ್ರಿ, ಅಮ್ಮಾ?”

“ಅಂತೀವ್ರಿ,” ಎಂದಳು ಅತ್ತೆ. “ಇಲ್ಲಾಂದ್ರ ಸೂಜಿ ಚುಚ್ಚತಾರ.”

ಟೀಚರ್ ನಗು ತಡೆದುಕೊಂಡು, ಅತ್ತೆಯ ಮೊರದಿಂದ ಒಂದು ಹಿಡಿ ಮಲ್ಲಿಗೆ ಮೊಗ್ಗು ನನ್ನ ಮುಂದೆ ಸುರಿದರು. “ಮೂರು ಮಂದಿಗೆ ಸಮ ಹಂಚು ನೋಡೂಣು.”

ಹಂಚಿದೆ. ಎರಡು ಉಳಿದವು. ನಮ್ಮ ಮನೆಯ ರೂಢಿಯಂತೆ ಅವನ್ನು ಜಡೆಗೆ ಸಿಕ್ಕಿಸಿಕೊಂಡೆ.

“ಸಿಕ್ತು!” ಎಂದರು ಟೀಚರ್. “ಹಂಚಾದು ಬರತೈತಿ ಈಕಿಗೆ. ಉಳದದ್ದು ಲೆಕ್ಕಕ್ಕ ಹಿಡಿಯಂಗಿಲ್ಲ, ಮುಡಕಂಡ್ಬಿಡ್ತಾಳ!”

ನಿಜ. ಪಾಟಿಯ ಮೇಲೂ ಉಳಿದ ಅಂಕಿಯನ್ನು ಮುಂದಿನದಕ್ಕೆ ಸೇರಿಸದೆ ಮಂಗಮಾಯ ಮಾಡುತ್ತಿದ್ದೆ.

“ಅಯ್ಯ, ಹೆಣ್ಣುಹುಡುಗಿ ಹೂವು ಮುಡದ್ರ ಅದೂ ತಪ್ಪೇನ್ರಿ?”

“ತಪ್ಪು ಎಲ್ಲೈತಿ ಅಂತ ಗೊತ್ತಾತಲ್ರಿ, ಅಷ್ಟ ಸಾಕು. ನಾಳಿಂದ ನನ್ನ ಪಕ್ಕಕ್ಕ ಕುಂದ್ರಸ್ಕಂತೀನಿ.”

ಅತ್ತೆ ದನಿ ತಗ್ಗಿಸಿದಳು. “ಬರಂಗಿಲ್ಲ ಅಂದ್ರ ಬೈಯಂಗಿಲ್ಲೇನ್ರಿ?”

ಅವಳು ಹೀಗೆ ಕೇಳಿದ್ದು ನಿಜವೋ, ಇವತ್ತು ನಾನೇ ಸೇರಿಸುತ್ತಿದ್ದೇನೋ ಹೇಳಲಾರೆ. ನಾಲ್ಕನೇ ತರಗತಿಯಲ್ಲಿ ನಪಾಸಾಗಿ ಶಾಲೆ ಬಿಟ್ಟವಳು ಅವಳು. ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ. ಇವತ್ತು ಬೆಳಿಗ್ಗೆ ಸಂದೇಶವನ್ನು ಅತ್ತೆಗೆ ಓದಿ ಹೇಳಿದ ಮೇಲೆ ನಾನು ಎತ್ತಿದೆ. ಹೂ ಕಟ್ಟುವ ಕೈ ಒಂದು ಗಳಿಗೆ ನಿಂತಿತು, ಮತ್ತೆ ನಡೆಯಿತು. ನಾನು ಕೇಳಿದ್ದು ಇಷ್ಟೇ:

“ಅತ್ತಿ, ನಿನಗ ಯಾವ ಲೆಕ್ಕ ಬರತಿರಲಿಲ್ಲ?”