ಬಾಯಿ ಒಣಗಿಸಿದ ಗುಳಿಗೆ

ಸಾವಿರದ ಒಂಬೈನೂರ ಎಂಬತ್ತರ ಸುಮಾರಿಗೆ ನನ್ನ ಮನಸ್ಸು ಕುಸಿದು ಮಾತೇ ನಿಂತುಹೋಗಿತ್ತು. ಬೆಳಗಾವಿಯ ಡಾಕ್ಟರು ಅದಕ್ಕೆ ಗುಳಿಗೆ ಬರೆದುಕೊಟ್ಟರು. ನುಂಗತೊಡಗಿದ ಮೇಲೆ ಬಾಯಿ ಒಣಗಿ ನಾಲಿಗೆ ತೊದಲತೊಡಗಿತು. ಖಾನಾಪುರದ ಕಚೇರಿಯಲ್ಲಿ ಸಾಹೇಬರು ಎಲ್ಲರೆದುರೇ, "ಹಾಡಹಗಲ ಕುಡದು ಬಂದೀರೇನ್ರಿ? ನಾಳೇನೂ ಹಿಂಗ ಬಂದ್ರ ಸಸ್ಪೆಂಡ್ ಮಾಡ್ತೀನಿ!" ಅಂದುಬಿಟ್ಟರು.

ಜನ್ಮದಲ್ಲೇ ಹೆಂಡ ಮುಟ್ಟದ ಲಿಂಗವಂತ ನಾನು! ಸಂಜೆಯ ರೈಲಿಗೆ ಬೆಳಗಾವಿಗೆ ಬಂದವನೇ ಡಾಕ್ಟರ ಮೇಜು ಗುದ್ದಿದೆ. "ಬಾಯಿ ಒಣಗತೈತಿ ಅಂತ ಮೊದಲ ಹೇಳಾಕ ಏನಾಗಿತ್ರಿ ನಿಮಗ? ನನ್ನ ನೌಕರಿ ಹೊಂಟೈತಿ!"

ಅವರು ನಕ್ಕರು. "ಹೇಳಬೇಕಿತ್ತು, ತಪ್ಪಾತು. ಸಾಹೇಬ್ರಿಗೆ ಚೀಟಿ ಬರದು ಕೊಡ್ತೀನಿ. ಆದ್ರ ಇಷ್ಟು ದಿನ ಗೋಡಿ ನೋಡ್ಕೋತ ಕುಂದರತಿದ್ರಿ, ಇವತ್ತ ಜಗಳಾ ಮಾಡಾಕತ್ತೀರಿ. ಗುಳಿಗಿ ಗುಣಾ ಕೊಡಾಕತ್ತೈತ್ರಿ!"

ಅಂದು ಶುರುವಾದ ನನ್ನ ಮಾತು ನಾನು ನಿವೃತ್ತನಾದರೂ ನಿಂತಿಲ್ಲ. ಈ ಅಡ್ಡಪರಿಣಾಮವನ್ನೂ ಮೊದಲೇ ಹೇಳಲಿಲ್ಲವೆಂದು ಆ ಡಾಕ್ಟರ ಮೇಲೆ ನನ್ನ ಹೆಂಡತಿಗೆ ಈಗಲೂ ಸಿಟ್ಟು.