ಸಂತಿಯಾಗು ನೆಟ್ಟ ಜೋಡಿ ಬಿಕ್ಕೆ

ಸಂತಿಯಾಗು ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿದೆಯೇ ಎಂಬ ಅಂಜಿಕೆ ಈಗಲೂ ಹೋಗಿಲ್ಲ. ಸಂಜೆ ತರಗತಿಯಲ್ಲಿ ಕಲಿತ ಕನ್ನಡ ನನ್ನದು. ತಪ್ಪಿದ್ದರೆ ಓದುಗರು ಮನ್ನಿಸಬೇಕು.

ಬೆಳಕು ಹರಿಯುತ್ತಿದೆ. ಮೈಸೂರಿನ ಅಂಚಿನ ಕ್ರೈಸ್ತರ ಸಮಾಧಿ ಭೂಮಿಯಲ್ಲಿ ಸಂತಿಯಾಗು ಬಿಕ್ಕೆ ಗಿಡಗಳಿಗೆ ನೀರು ಹಾಕುತ್ತಿದ್ದಾರೆ. ನಿನ್ನೆ ಸಂಜೆ ಬೆಳ್ಳಗೆ ಅರಳಿದ್ದ ಹೂಗಳು ಹಳದಿಗೆ ತಿರುಗುತ್ತಿವೆ. ಗುಂಡಿ ತೋಡುವುದಷ್ಟೇ ಇವರ ಕೆಲಸ. ಗಿಡ ನೋಡಿಕೊಳ್ಳಿ ಎಂದು ಯಾರೂ ಹೇಳಿಲ್ಲ.

೧೯೧೮ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಸಾವಿನ ಮೇಲೆ ಸಾವು ಬಂದಾಗ ಇವರು ಹಗಲಿಡೀ ಗುದ್ದಲಿ ಕೆಳಗಿಟ್ಟಿರಲಿಲ್ಲ. "ಗೋರಿ ಗುರ್ತಿಗೆ ಕಲ್ಲು ನಿಲ್ಸೋದು ಬಡವರ ಕೈಲಿ ಎಲ್ಲಾಯ್ತದೆ? ಮರದ ಶಿಲುಬೆ ನೆಟ್ರೆ ಗೆದ್ಲು ತಿಂದ್ಬುಡ್ತದೆ. ಅದಕ್ಕೇ ಚಾಮುಂಡಿ ಬೆಟ್ಟದ ತಪ್ಪಲಿಂದ ಬಿಕ್ಕೆ ಸಸಿ ತಂದು ಒಬ್ಬೊಬ್ಬರಿಗೆ ಒಂದೊಂದು ನೆಟ್ಟೆ. ಆಡೂ ಮೂಸಲ್ಲ ಕಣ್ರೀ ಅದನ್ನ," ಎನ್ನುತ್ತಾರೆ.

ಇಡ್ಲಿ ಮಾರುವ ಸೂಸಮ್ಮನ ಅವಳಿ ಹೆಣ್ಣುಮಕ್ಕಳು ಆ ಜ್ವರದಲ್ಲಿ ಒಂದೇ ದಿನ ತೀರಿಕೊಂಡರು. ಒಂದೇ ಗುಂಡಿ. ಅಲ್ಲಿ ಮಾತ್ರ ಸಂತಿಯಾಗು ಎರಡು ಸಸಿ ನೆಟ್ಟರು.

ಎರಡು ವರ್ಷದ ಹಿಂದೆ ಸಂತಿಯಾಗು ಕಾಯಿಲೆ ಬಿದ್ದು ಮಲಗಿದ್ದಾಗ, ಗೋಡೆ ಕಟ್ಟಲು ಬಂದವರು ಕಾಡುಗಿಡವೆಂದು ಎಲ್ಲವನ್ನೂ ಕಡಿದು ನೆಲ ಸಮ ಮಾಡಿಬಿಟ್ಟರು. ಸಂತಿಯಾಗು ಎದ್ದು ಓಡಾಡುವಂತಾದ ದಿನವೇ ಸೂಸಮ್ಮ ಓಡಿ ಬಂದರು. "ನನ್ ಮಕ್ಕಳು ಎಲ್ಲವ್ರೆ ತೋರ್ಸಣ್ಣ!"

"ನಂಗೂ ತಿಳೀದು ಕಣವ್ವ. ಬೇರು ಇದ್ರೆ ಅದೇ ಹೇಳ್ತದೆ, ತಾಳು."

ಅಂದಿನಿಂದ ಸಂತಿಯಾಗು ಬರಿ ಮಣ್ಣಿಗೆ ನೀರು ಹೊತ್ತರು. "ಏನಣ್ಣ, ಗದ್ದೆ ಮಾಡೀಯ ಇಲ್ಲಿ?" ಎಂದು ಹಂಗಿಸುತ್ತಲೇ ಸೂಸಮ್ಮನೂ ಕೊಡ ಎತ್ತಿದರು. ಮೊದಲ ಮಳೆಗೆ ಅಲ್ಲೊಂದು ಇಲ್ಲೊಂದು ಚಿಗುರು ಎದ್ದಿತು. ಒಂದು ಕಡೆ ಮಾತ್ರ ಎರಡು ಚಿಗುರು, ಪಕ್ಕಪಕ್ಕದಲ್ಲೇ. ಸೂಸಮ್ಮ ಎರಡರ ಸುತ್ತಲೂ ಕೈಯಲ್ಲೇ ಮಣ್ಣು ಒತ್ತಿ ಪಾತಿ ಕಟ್ಟಿದರು.

ಯೇಸು ಪುನರುತ್ಥಾನದ ಈ ಪಾಸ್ಕ ಹಬ್ಬಕ್ಕೆ ಅವು ಮತ್ತೆ ಹೂ ಬಿಟ್ಟಿವೆ. ಸೂಸಮ್ಮ ದಿನಾ ಬೆಳಿಗ್ಗೆ ಬಿಸಿ ಇಡ್ಲಿ ತರುತ್ತಾರೆ. "ತಿನ್ನಣ್ಣ, ತಣ್ಣಗಾದ್ರೆ ನನ್ನ ಬೈಬೇಡ." ಅವರ ಕೃತಜ್ಞತೆಯ ಮಾತು ಇಷ್ಟೇ.

ಇಡ್ಲಿ ತಿಂದು ಕೈ ತೊಳೆದ ಸಂತಿಯಾಗು ಉಳಿದ ನೀರನ್ನು ಜೋಡಿ ಗಿಡದ ಪಕ್ಕದ ಖಾಲಿ ನೆಲಕ್ಕೆ ಸುರಿಯುತ್ತಾರೆ. ಮಿಕ್ಕವೆಲ್ಲ ಒಂದೊಂದಾಗಿ ಚಿಗುರಿದರೂ ಅಲ್ಲಿದ್ದ ಗಿಡ ಮಾತ್ರ ಚಿಗುರಲಿಲ್ಲ. ಜ್ವರದ ದಿನಗಳಲ್ಲಿ ದಾರಿಯಲ್ಲಿ ಹೆಣವಾಗಿ ಸಿಕ್ಕಿದ, ಯಾರೂ ದಿಕ್ಕಿಲ್ಲದ ಪರದೇಶಿಯೊಬ್ಬರು ಅಲ್ಲಿದ್ದಾರೆ. "ಮಿಕ್ಕೋರಿಗೆಲ್ಲ ಕೇಳೋರವ್ರೆ. ಇವರಿಗೆ ನಾನೊಬ್ಬನೇ ಅಲ್ವಾ?"

ಆ ಪರದೇಶಿಯ ಹೆಸರು ಸಂತಿಯಾಗು ಅವರಿಗೆ ಗೊತ್ತಿಲ್ಲ. ನಾನೂ ಹಲವರನ್ನು ಕೇಳಿದೆ, ತಿಳಿಯಲಿಲ್ಲ. ಆ ಮಣ್ಣಿನಡಿ ಬೇರು ಜೀವಂತವಾಗಿದೆಯೋ ಇಲ್ಲವೋ, ಅದೂ ನನಗೆ ತಿಳಿಯದು.